ಹದಿನೇಳನೆಯ ಪ್ರಶ್ನೆ

ಬೊಂಬಾಯಿ
6 ಫೆಬ್ರವರಿ 1961

ಮೈಸೂರು ಸರಸ್ವತಿಪುರಂನ ವಕೀಲರಾದ ಶ್ರೀಮತಿ ಸರ್ವಮಂಗಳಾ ಅವರಿಗೆ,

ನಮ್ಮ ವಿಮಾ ಕಂಪನಿಯ ಮೈಸೂರು ಏಜೆಂಟ್ ದೇವರಾಜು ಅವರ ಮೂಲಕ ನೀವು ಕಳಿಸಿದ ಅರ್ಜಿ ಕೈಸೇರಿದೆ. ಕಂಪನಿಯ ಪತ್ರಗಳು ಇಂಗ್ಲಿಷಿನಲ್ಲಿ ಹೋಗುವುದು ವಾಡಿಕೆ. ನಾನೂ ಮೈಸೂರು ಸೀಮೆಯವನೇ ಆದ್ದರಿಂದ ಕನ್ನಡದಲ್ಲಿ ಬರೆಯುವ ಸಲುಗೆ ತೆಗೆದುಕೊಂಡಿದ್ದೇನೆ.

ವಕೀಲರಿಗೆಂದು ವಿಮೆ ನಮ್ಮಲ್ಲೂ ಹೊಸದು. ವಕೀಲರ ಕೈತಪ್ಪಿನಿಂದ ಕಕ್ಷಿದಾರರಿಗೆ ನಷ್ಟವಾದರೆ ಅದನ್ನು ಕಂಪನಿ ತುಂಬಿಕೊಡುತ್ತದೆ. ಯಾರ ಕೆಲಸದಲ್ಲಿ ಎಷ್ಟು ಅಪಾಯವಿದೆ ಎಂದು ಮೊದಲೇ ಅಂದಾಜು ಬೇಕು. ಅದಕ್ಕಾಗಿ ಒಂಬತ್ತನೆಯ ಪ್ರಶ್ನೆಯಲ್ಲಿ ಐದು ಮನೆಗಳನ್ನು ಕೊಟ್ಟಿದ್ದೇವೆ: ಕ್ರಿಮಿನಲ್, ಆಸ್ತಿ, ಕುಟುಂಬ, ವ್ಯಾಪಾರ, ಇತರೆ. ನಿಮ್ಮ ಕೆಲಸದಲ್ಲಿ ನೂರಕ್ಕೆ ಎಷ್ಟು ಪಾಲು ಯಾವುದಕ್ಕೆ ಸೇರುತ್ತದೆ ಎಂದು ತುಂಬಬೇಕಿತ್ತು. ನೀವು ಐದಕ್ಕೂ ಅಡ್ಡಲಾಗಿ ಒಂದು ಗೆರೆ ಎಳೆದು 'ಬಂದದ್ದೆಲ್ಲ' ಎಂದು ಬರೆದಿದ್ದೀರಿ.

ಹದಿನೇಳನೆಯ ಪ್ರಶ್ನೆಯೂ ಖಾಲಿ ಉಳಿದಿದೆ. 'ಮುಂದೆ ಕಕ್ಷಿದಾರರು ನಷ್ಟ ಕೇಳಬಹುದಾದ ಯಾವುದೇ ತಪ್ಪು ಈಗಾಗಲೇ ನಿಮ್ಮ ಗಮನಕ್ಕೆ ಬಂದಿದೆಯೇ?' ಎಂಬುದು ಆ ಪ್ರಶ್ನೆ. ಕಣ್ತಪ್ಪಿ ಬಿಟ್ಟಿರಬೇಕು. ಎರಡನ್ನೂ ತುಂಬಿ ಕಳಿಸಿದರೆ ಉಪಕಾರ.

ತಮ್ಮ ವಿಶ್ವಾಸಿ,
ಲಕ್ಷ್ಮೀನರಸಿಂಹ
ಹೊಣೆ ವಿಮೆ ಶಾಖೆ


ಮೈಸೂರು
14 ಫೆಬ್ರವರಿ 1961

ಲಕ್ಷ್ಮೀನರಸಿಂಹ ಅವರಿಗೆ,

ನಾನು ಶ್ರೀಮತಿಯಲ್ಲ. ಬರೀ ಸರ್ವಮಂಗಳಾ ಅಂದರೆ ಸಾಕು.

ನಿಮ್ಮ ಐದು ಮನೆಗಳನ್ನು ಇಟ್ಟುಕೊಂಡು ಒಂದು ಭಾನುವಾರ ಕೂತಿದ್ದೆ. ಹೋದ ವಾರ ಲಷ್ಕರ್ ಮೊಹಲ್ಲಾದಿಂದ ಒಬ್ಬ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದ. ಅಣ್ಣ ಹೊಡೆದಿದ್ದಾನೆ. ಇದು ಕ್ರಿಮಿನಲ್. ಹೊಡೆದದ್ದು ಹಿತ್ತಲ ಗೋಡೆಗಾಗಿ. ಆಗ ಆಸ್ತಿ. ಗೋಡೆ ಎಬ್ಬಿಸಿದ್ದು ಗಂಡ ಬಿಟ್ಟು ಬಂದ ತಂಗಿಗೆ ಒಂದು ಕೋಣೆ ಮಾಡಿಕೊಡಲಿಕ್ಕೆ. ಆಗ ಕುಟುಂಬ. ಆ ಕೋಣೆಯಲ್ಲಿ ಆಕೆ ಊದುಬತ್ತಿ ಹೊಸೆದು ಅಂಗಡಿಗೆ ಕೊಡುತ್ತಾಳೆ. ವ್ಯಾಪಾರ ಅನ್ನೋಣವೇ? ಕೊನೆಗೆ ನಾನು ಮಾಡಿದ್ದಿಷ್ಟೇ: ಅಣ್ಣನನ್ನೂ ಕರೆಸಿ, ಇಬ್ಬರಿಗೂ ಕಾಫಿ ಕೊಟ್ಟು, ಎರಡು ಗಂಟೆ ಬೈದು ಕಳಿಸಿದೆ. ಇದು ನಿಮ್ಮ 'ಇತರೆ'.

ಈ ಪಟ್ಟಿ ಮಾಡಿದವರು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ ಅಂತ ಕಾಣುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಬೊಂಬಾಯಿಯ ಮೇಜಿನ ಮೇಲೆ ಕಕ್ಷಿದಾರರು ಬೇರೆ ಬೇರೆ ಕಾಣುತ್ತಾರೆ, ಇಲ್ಲಿ ಒಬ್ಬನೇ ಮನುಷ್ಯ ಐದೂ ಮನೆಗಳನ್ನು ಹೊತ್ತುಕೊಂಡು ಬರುತ್ತಾನೆ.

ವಿಮೆ ಬೇಗ ಆಗುವುದಾದರೆ ಒಳ್ಳೆಯದು.

ಸರ್ವಮಂಗಳಾ


ಬೊಂಬಾಯಿ
25 ಫೆಬ್ರವರಿ 1961

ಸರ್ವಮಂಗಳಾ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಟ್ಟಿ ಮಾಡಿದವನು ನಾನೇ. ಕೋರ್ಟಿನ ಮೆಟ್ಟಿಲ ಮಾತು ಹಾಗಿರಲಿ. ಪಟ್ಟಿ ತಪ್ಪು ಎನ್ನುವುದನ್ನು ಒಪ್ಪಿದೆ.

ಆದರೆ ವಿಂಗಡಣೆ ಬೇಡವೆಂದರೆ ವಿಮೆಯೇ ಇಲ್ಲ. ಯೋಚಿಸಿದಾಗ ಹೀಗೆ ಅನ್ನಿಸಿತು. ಕೇಸು ಯಾವ ಜಾತಿಯದು ಎಂದು ಕೇಳುವುದಕ್ಕಿಂತ, ಅದರಲ್ಲಿ ತಪ್ಪು ಎಲ್ಲಿ ಅಡಗಿ ಕೂರುತ್ತದೆ ಎಂದು ಕೇಳಬೇಕು. ಜಾಮೀನು ಅರ್ಜಿಯಲ್ಲಿ ತಪ್ಪಾದರೆ ಸಂಜೆಯೊಳಗೆ ಗೊತ್ತಾಗುತ್ತದೆ. ಮನೆಯ ಪತ್ರಗಳನ್ನು ನೋಡಿ 'ಸರಿಯಾಗಿವೆ, ಕೊಂಡುಕೊಳ್ಳಿ' ಎಂದದ್ದು ತಪ್ಪಾದರೆ ಇಪ್ಪತ್ತು ವರ್ಷವಾದ ಮೇಲೆ ಯಾರೋ ಬಂದು ಬಾಗಿಲು ತಟ್ಟುತ್ತಾರೆ. ಎರಡೂ ಒಂದೇ ಮನೆಯಲ್ಲಿ ಇರಲಾರವು.

ಮೇ ತಿಂಗಳಲ್ಲಿ ನಮ್ಮ ಸಮಿತಿಯ ಮುಂದೆ ಹೊಸ ಪಟ್ಟಿ ಇಡಬೇಕು. ನೀವು ಮಾಡುವ ಒಂದೊಂದು ಬಗೆಯ ಕೆಲಸಕ್ಕೂ ಮೂರು ಮಾತು ಬರೆದು ಕಳಿಸುತ್ತೀರಾ? ಅಲ್ಲಿ ಆಗಬಹುದಾದ ತಪ್ಪು ಯಾವುದು, ಅದು ಎಷ್ಟು ದಿನಕ್ಕೆ ಬಯಲಾಗುತ್ತದೆ, ಬಯಲಾದ ಮೇಲೆ ಸರಿಮಾಡಲು ಬರುತ್ತದೆಯೇ. ಹದಿನೇಳನೆಯದನ್ನೂ ಜೊತೆಗೇ ಕಳಿಸಿ.

ಲಕ್ಷ್ಮೀನರಸಿಂಹ


ಮೈಸೂರು
20 ಮಾರ್ಚ್ 1961

ಲಕ್ಷ್ಮೀನರಸಿಂಹ ಅವರೇ,

ನೀವು ಕೇಳಿದ ಕೆಲಸ ಮೂರು ಭಾನುವಾರ ತಿಂದಿತು. ಆದರೆ ಹನ್ನೊಂದು ವರ್ಷದಲ್ಲಿ ನಾನು ಏನು ಮಾಡುತ್ತಿದ್ದೇನೆ ಎಂದು ನನಗೇ ಈಗ ಗೊತ್ತಾದ ಹಾಗಾಯಿತು.

ಪತ್ರ ಬರೆದುಕೊಡುವುದು: ಕ್ರಯಪತ್ರ, ಭಾಗಪತ್ರ, ಉಯಿಲು. ಇಲ್ಲಿ ತಪ್ಪು ಚೆಕ್ಕುಬಂದಿಯಲ್ಲಿ ಕೂರುತ್ತದೆ. ಪೂರ್ವಕ್ಕೆ ಓಣಿ ಅನ್ನಬೇಕಾದಲ್ಲಿ ಪಶ್ಚಿಮ ಅಂದುಬಿಟ್ಟರೆ ಮೊಮ್ಮಕ್ಕಳ ಕಾಲದಲ್ಲಿ ಬಡಿದಾಟ. ಬರೆದವರು ಬದುಕಿದ್ದರೆ ತಿದ್ದುಪಡಿ ಪತ್ರ ಮಾಡಬಹುದು. ಸತ್ತಿದ್ದರೆ ದೇವರೇ ಗತಿ. ಇದನ್ನು ಅತಿ ಅಪಾಯದ್ದು ಎಂದು ಹಾಕಿ.

ಜೀವನಾಂಶದ ಅರ್ಜಿಗಳು ನನ್ನಲ್ಲಿ ಹೆಚ್ಚು, ಹೆಂಗಸು ವಕೀಲೆ ಅಂತ ಹುಡುಕಿಕೊಂಡು ಬರುತ್ತಾರೆ. ತಪ್ಪಾದರೆ ಮತ್ತೊಂದು ಅರ್ಜಿ ಹಾಕಬಹುದು, ಅಪಾಯ ಕಡಿಮೆ. ಅಷ್ಟರೊಳಗೆ ಮಕ್ಕಳ ಹೊಟ್ಟೆ ಕಾಯುವುದಿಲ್ಲ ಅನ್ನುವುದು ನಿಮ್ಮ ಪಟ್ಟಿಗೆ ಬೇಡದ ಮಾತು, ಆದರೂ ಬರೆದಿದ್ದೇನೆ.

ಜಗುಲಿಯ ಮೇಲೆ ಬಾಯಿಮಾತಿನಲ್ಲಿ ಹೇಳುವ ಬುದ್ಧಿಮಾತಿಗೂ ಒಂದು ಮನೆ ಕೊಡಿ. ಕಾಗದವಿಲ್ಲ, ಫೀಸಿಲ್ಲ, ಆದರೆ ಕೇಳಿದವರು ಅದನ್ನೇ ನಂಬಿ ಊರಿಗೆ ಹೋಗಿ ಬೇಲಿ ಕೀಳುತ್ತಾರೆ. ಯಾರೂ ಇದನ್ನು ಕೆಲಸ ಅಂತ ಎಣಿಸುವುದಿಲ್ಲ. ನನ್ನ ದಿನದ ಅರ್ಧ ಇದೇ.

ಬೇರೆ ಬೇರೆ ಹಾಳೆಗಳಲ್ಲಿ ಹದಿಮೂರು ಬಗೆಯನ್ನು ಬರೆದು ಇದರ ಜೊತೆ ಇಟ್ಟಿದ್ದೇನೆ. ಅಪೀಲಿನ ಹಾಳೆ ಮಾತ್ರ ಆಗಲಿಲ್ಲ. ಇನ್ನೊಂದು ಸಲ ನೋಡೋಣ. ಹದಿನೇಳನೆಯದು ಸದ್ಯಕ್ಕೆ ಹಾಗೇ ಇರಲಿ.

ಸರ್ವಮಂಗಳಾ


ಬೊಂಬಾಯಿ
29 ಮಾರ್ಚ್ 1961

ಸರ್ವಮಂಗಳಾ ಅವರಿಗೆ,

ಹದಿಮೂರು ಹಾಳೆಗಳೂ ಬಂದವು. ಈ ಕಚೇರಿಯಲ್ಲಿ ಇಂಥದ್ದನ್ನು ಯಾರೂ ಕಂಡಿಲ್ಲ. ಇಂಗ್ಲಿಷಿಗೆ ತಿರುಗಿಸಿ ನಮ್ಮ ಮ್ಯಾನೇಜರಿಗೆ ತೋರಿಸಿದೆ. 'ಬಾಯಿಮಾತಿನ ಸಲಹೆ' ಎಂಬ ವಿಭಾಗವನ್ನು ಓದಿ, ಈಕೆ ನಮ್ಮಲ್ಲಿ ಕೆಲಸಕ್ಕೆ ಬರುತ್ತಾರೆಯೇ ಕೇಳಿ ಎಂದರು.

ನಿಮಗೆ ಬಿಡುವಿಲ್ಲವೆಂದು ಅರ್ಥವಾಗುತ್ತದೆ, ಅಪೀಲಿನ ಹಾಳೆಗೆ ಅವಸರವಿಲ್ಲ. ಹದಿನೇಳನೆಯದಕ್ಕೂ ನಿಮ್ಮ ಸಮಯ ಹಾಳುಮಾಡುವುದು ಬೇಡವೆಂದು ನಾನೇ ಹೊಸ ಫಾರಂನಲ್ಲಿ 'ಇಲ್ಲ' ಎಂದು ಟೈಪು ಮಾಡಿಸಿ ಇದರ ಜೊತೆ ಕಳಿಸಿದ್ದೇನೆ. ಇಷ್ಟು ಜಾಗರೂಕರಾದವರಿಗೆ ಅದಲ್ಲದೆ ಬೇರೆ ಉತ್ತರ ಇರಲಾರದು. ಪೆನ್ಸಿಲಿನ ಗುರುತು ಹಾಕಿದ ಕಡೆ ಸಹಿ ಮಾಡಿದರೆ ಸಾಕು, ಹದಿನೈದು ದಿನದಲ್ಲಿ ಪಾಲಿಸಿ ನಿಮ್ಮ ಕೈಯಲ್ಲಿರುತ್ತದೆ.

ಸಂತೋಷದಿಂದ,
ಲಕ್ಷ್ಮೀನರಸಿಂಹ


ಬೊಂಬಾಯಿ
2 ಮೇ 1961

ಸರ್ವಮಂಗಳಾ ಅವರಿಗೆ,

ತಿಂಗಳ ಮೇಲಾಯಿತು, ಸಹಿಯಾದ ಫಾರಂ ಬರಲಿಲ್ಲ. ದೇವರಾಜು ನಿಮ್ಮ ಮನೆಗೆ ಎರಡು ಸಲ ಹೋಗಿದ್ದರಂತೆ. ನೀವು ಒಳಗಿದ್ದೂ ಹೊರಗೆ ಬರಲಿಲ್ಲ ಎಂದು ಬರೆದಿದ್ದಾರೆ. ಮ್ಯಾನೇಜರ್ ಕೆಲಸದ ಬಗ್ಗೆ ಆಡಿದ ಮಾತು ಲಘುವಾಗಿ ಕಂಡಿತೇ? ಹಾಗಿದ್ದರೆ ಅದನ್ನು ಬರೆದ ತಪ್ಪು ನನ್ನದು. ಒಂದು ಕಾರ್ಡು ಹಾಕಿ, ಸಾಕು.

ಲಕ್ಷ್ಮೀನರಸಿಂಹ


ಮೈಸೂರು
11 ಮೇ 1961

ಲಕ್ಷ್ಮೀನರಸಿಂಹ ಅವರೇ,

ನಿಮ್ಮ ತಪ್ಪೇನೂ ಇಲ್ಲ. ಫಾರಂಗೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ನನ್ನ ಅರ್ಜಿಯನ್ನು ವಾಪಸು ತೆಗೆದುಕೊಂಡೆ ಎಂದು ಬರೆದುಕೊಳ್ಳಿ. ಯಾಕೆ ಎನ್ನುವುದನ್ನು ಹೇಳದಿದ್ದರೆ ಆ ಹದಿಮೂರು ಹಾಳೆಗಳೂ ಸುಳ್ಳಾಗುತ್ತವೆ.

ನಜರಬಾದಿನಲ್ಲಿ ಬೀರಮ್ಮ ಎಂಬಾಕೆ ಅಕ್ಕಿ ಹುರಿದು ಪುರಿ ಮಾಡುವ ಭಟ್ಟಿ ಇಟ್ಟುಕೊಂಡಿದ್ದಾರೆ. ಮನೆಯ ಮುಂದಿನ ಅರ್ಧ ಭಟ್ಟಿ, ಹಿಂದಿನ ಅರ್ಧದಲ್ಲಿ ಅವರೂ ಇಬ್ಬರು ಹೆಣ್ಣುಮಕ್ಕಳೂ. ಗಂಡ ದೇವಯ್ಯ ತೀರಿಹೋದ ಮೇಲೆ ಮೈದುನ ಮಹದೇವು ಮನೆ ತನ್ನದೆಂದು ದಾವಾ ಹೂಡಿದ. ಮುನ್ಸೀಫ್ ಕೋರ್ಟಿನಲ್ಲಿ ನಾವು ಸೋತೆವು. ತೀರ್ಪು ಗಟ್ಟಿಯಾದದ್ದಲ್ಲ, ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಬೀರಮ್ಮನಿಗೆ ನಾನೇ ಧೈರ್ಯ ಹೇಳಿದ್ದೆ.

ಅಪೀಲಿಗೆ ಮೂವತ್ತು ದಿನ. ತೀರ್ಪಿನ ನಕಲಿಗೆ ಅರ್ಜಿ ಹಾಕಿ ಕಾದ ದಿನಗಳನ್ನು ಅದರಲ್ಲಿ ಬಿಡಬಹುದು. ನಕಲು ತಯಾರಾದದ್ದು ಡಿಸೆಂಬರ್ ಒಂಬತ್ತಕ್ಕೆ. ಯಾವುದೋ ಮದುವೆಗೆ ಹೋಗಿದ್ದ ನಾನು ಅದನ್ನು ಕೈಗೆ ತೆಗೆದುಕೊಂಡದ್ದು ಹದಿನಾಲ್ಕಕ್ಕೆ. ತಯಾರಾದ ದಿನಕ್ಕೇ ಆ ರಿಯಾಯಿತಿ ಮುಗಿಯುತ್ತದೆ. ಇದು ಕಾನೂನು ಓದುವ ಹುಡುಗರಿಗೂ ಗೊತ್ತು. ನಾನು ಹದಿನಾಲ್ಕರವರೆಗೂ ಎಣಿಸಿದೆ. ಅಪೀಲು ಐದು ದಿನ ತಡವಾಯಿತು. ಜನವರಿ ಹದಿನೆಂಟಕ್ಕೆ ಕೋರ್ಟಿನ ಕಚೇರಿಯವರು 'ಅವಧಿ ಮೀರಿದೆ, ಕಾರಣ ಕೊಟ್ಟು ಮತ್ತೆ ಸಲ್ಲಿಸಿ' ಎಂದು ಬರೆದು ವಾಪಸು ಕೊಟ್ಟರು.

ಅವತ್ತೇ ಕಾರಣ ಬರೆದು ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಬಾರ್ ರೂಮಿನಲ್ಲಿ ಇರುವ ಹೆಂಗಸು ನಾನೊಬ್ಬಳೇ. ದಿನ ಎಣಿಸಲು ಬಾರದು ಎಂದು ನಾನೇ ಬರೆದು, ತೆರೆದ ಕೋರ್ಟಿನಲ್ಲಿ ಅದನ್ನು ಓದಿಸುವುದು ನನ್ನಿಂದ ಆಗಲಿಲ್ಲ. ನಾಳೆ ಬರೆಯೋಣ ಎಂದು ಕಾಗದಗಳನ್ನು ಕಟ್ಟಿಟ್ಟೆ. ಬೀರಮ್ಮ ಬಂದು ಕೇಳಿದಾಗ 'ಅಪೀಲು ದಾಖಲಾಗಿ ನಂಬರ್ ಆಗಬೇಕು, ಸ್ವಲ್ಪ ತಡ' ಎಂದೆ. ಆಮೇಲೆ ಬಂದಾಗಲೆಲ್ಲ ಮತ್ತೆ ಹಾಗೇ ಅಂದೆ.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ನಿಮ್ಮ ಕಂಪನಿಗೆ ನಾನು ಅರ್ಜಿ ತುಂಬಿದ್ದು ಜನವರಿ ಇಪ್ಪತ್ತೈದಕ್ಕೆ. ಅಪೀಲು ವಾಪಸು ಬಂದು ವಾರವಾಗಿತ್ತು. ದೇವರಾಜು ವಿಮೆಯ ಮಾತು ಎತ್ತಿದಾಗ, ಆಕೆಯ ಮನೆ ಹೋದರೆ ನೀವು ತುಂಬಿಕೊಡುತ್ತೀರಿ ಎಂದು ಲೆಕ್ಕ ಹಾಕಿದೆ. ಹದಿನೇಳನೆಯದನ್ನು ಓದಿಯೇ ಖಾಲಿ ಬಿಟ್ಟಿದ್ದೆ. ಆದರೆ ನೀವು 'ಇಲ್ಲ' ಎಂದು ಟೈಪು ಮಾಡಿಸಿ ಕಳಿಸಿದಿರಿ, ನನ್ನನ್ನು ನಂಬಿ. ಅದರ ಕೆಳಗೆ ಸಹಿ ಹಾಕಲು ಕೈ ಬರಲಿಲ್ಲ.

ಸರ್ವಮಂಗಳಾ


ಬೊಂಬಾಯಿ
17 ಮೇ 1961

ಸರ್ವಮಂಗಳಾ ಅವರಿಗೆ,

ಮೊದಲು ಕಂಪನಿಯ ಮಾತು. ಬೀರಮ್ಮನವರ ವಿಷಯಕ್ಕೆ ವಿಮೆ ಸಿಕ್ಕುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬೆಂಕಿ ವಿಮೆ ಕೊಡುವವರಿಲ್ಲ. ನಿಮ್ಮ ಅರ್ಜಿಯನ್ನು ಮಾತ್ರ ವಾಪಸು ಮಾಡಿಲ್ಲ, ನನ್ನ ಮೇಜಿನ ಮೇಲೆಯೇ ಇದೆ.

ಇನ್ನು ನನ್ನ ಮಾತು. ನಾನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ ಎಂದು ಬರೆದಿದ್ದಿರಿ. ಸುಮ್ಮನಿದ್ದೆ. ನಂಜನಗೂಡು ಕೋರ್ಟಿನಲ್ಲಿ ನಾಲ್ಕು ವರ್ಷ ವಕೀಲನಾಗಿದ್ದೆ. ಲಿಂಗಯ್ಯ ಎಂಬ ರೈತರು ದಾಯಾದಿಯ ಜೊತೆ ಹಂಚಿಕೊಂಡ ಬಾವಿಯ ನೀರಿನ ಹಕ್ಕಿಗಾಗಿ ದಾವಾ ಹಾಕಿದ್ದರು. ವಿಚಾರಣೆಯ ಒಂದು ವಾಯಿದೆಗೆ, ಅವತ್ತು ಏನೂ ನಡೆಯುವುದಿಲ್ಲ, ನೀವು ಬರಬೇಡಿ ಎಂದು ಅವರಿಗೆ ಹೇಳಿ ನಾನೂ ಹೋಗಲಿಲ್ಲ. ಕೋರ್ಟಿನಲ್ಲಿ ಕೂಗಿದರು. ಯಾರೂ ಇಲ್ಲವೆಂದು ದಾವಾ ವಜಾ ಆಯಿತು. ಮತ್ತೆ ತೆರೆಸಲು ತಿಂಗಳು ಅವಕಾಶವಿತ್ತು. ಲಿಂಗಯ್ಯನವರ ಮುಖ ನೋಡಲಾರದೆ ಆ ತಿಂಗಳನ್ನೂ ಕಳೆದೆ. ಆಮೇಲೆ ಬೊಂಬಾಯಿ ರೈಲು ಹತ್ತಿದೆ. ಎಂಟು ವರ್ಷವಾಯಿತು. ಬೇರೆಯವರ ತಪ್ಪುಗಳನ್ನು ವಿಂಗಡಿಸುವ ಕೆಲಸ ಸಿಕ್ಕಿತು, ಚೆನ್ನಾಗಿ ಮಾಡುತ್ತೇನೆ ಎಂದು ಹೊಗಳುತ್ತಾರೆ.

ಅದಕ್ಕೇ ಹೇಳುತ್ತೇನೆ, ಕೇಳಿ. ನಿಮ್ಮದು ಇನ್ನೂ ಮುಚ್ಚಿದ ಬಾಗಿಲಲ್ಲ. ವಕೀಲರು ಒಳ್ಳೆಯ ಮನಸ್ಸಿನಿಂದ ಮಾಡಿದ ಲೆಕ್ಕದ ತಪ್ಪಿಗೆ ಕಕ್ಷಿದಾರರನ್ನು ಶಿಕ್ಷಿಸಬಾರದು ಎಂದು ಕೋರ್ಟುಗಳು ತಡವನ್ನು ಮನ್ನಿಸಿದ್ದುಂಟು. ಆದರೆ ಮೊದಲ ಐದು ದಿನ ತಪ್ಪು, ಉಳಿದ ನಾಲ್ಕು ತಿಂಗಳು ಮೌನ. ಎರಡನ್ನೂ ಬೇರೆ ಬೇರೆಯಾಗಿ, ಇದ್ದದ್ದು ಇದ್ದ ಹಾಗೆ, ಪ್ರಮಾಣಪತ್ರದಲ್ಲಿ ನೀವೇ ಬರೆಯಬೇಕು. ನೀವು ಸಾಕ್ಷಿಯಾಗುವುದರಿಂದ ಕೇಸು ಬೇರೆಯವರು ನಡೆಸಬೇಕು. ಎಲ್ಲಕ್ಕೂ ಮೊದಲು ಬೀರಮ್ಮನವರಿಗೆ ಹೇಳಿ. ಕ್ಷಮೆ ಕೇಳುವುದು ಆಮೇಲೆ. ಮೊದಲು ಸಂಗತಿ ತಿಳಿಸಿ.

ನಾನು ಮಾಡದೇ ಹೋದದ್ದನ್ನು ನಿಮಗೆ ಹೇಳಿಕೊಡುತ್ತಿದ್ದೇನೆ. ಅದು ನನಗೆ ಗೊತ್ತಿದೆ.

ಲಕ್ಷ್ಮೀನರಸಿಂಹ


ಮೈಸೂರು
12 ಜೂನ್ 1961

ಲಕ್ಷ್ಮೀನರಸಿಂಹ ಅವರೇ,

ನಿಮ್ಮ ಪತ್ರ ಬಂದ ಮೂರನೆಯ ದಿನ ನಜರಬಾದಿಗೆ ಹೋದೆ. ಬೀರಮ್ಮ ಭಟ್ಟಿಯ ಮುಂದೆ ಕೂತು ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರು. ನನ್ನನ್ನು ಕಂಡು ಕೇಸಿಗೆ ನಂಬರ್ ಆಯಿತು ಎಂದುಕೊಂಡು ಎದ್ದರು. ಮಗಳಿಗೆ ಜರಡಿ ಕೊಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದರು. ನಿಂತುಕೊಂಡೇ ಎಲ್ಲ ಹೇಳಿದೆ. ಲೆಕ್ಕದ ತಪ್ಪು ಅವರಿಗೆ ಬೇಗ ಅರ್ಥವಾಯಿತು. ಕೇಳಿದ್ದು ಬೇರೆಯೇ:

"ನಾ ಬಂದು ಬಂದು ಕೇಳ್ದಾಗ್ಲೆಲ್ಲ ನಂಬರ್ ಆಗ್ಬೇಕು ಅಂತಿದ್ರಲ್ಲವ್ವ. ಅವಾಗ ನನ್ ಮಕ ಎಂಗೆ ಕಾಣ್ತಿತ್ತು ನಿಮ್ಗೆ?"

ಆಮೇಲೆ ಕಾಗದಗಳನ್ನೆಲ್ಲ ಕೊಟ್ಟುಬಿಡಿ ಎಂದರು. ಕಟ್ಟು ಜೊತೆಗೇ ತಂದಿದ್ದೆ, ಕೊಟ್ಟೆ. ನಾನು ಹೇಳಿದ್ದಕ್ಕಲ್ಲ, ತಾವೇ ನಾಲ್ಕು ಕಡೆ ವಿಚಾರಿಸಿ ಚಾಮಯ್ಯನವರ ಹತ್ತಿರ ಹೋದರು. ಚಾಮಯ್ಯನವರು ಹಳೆಯ ವಕೀಲರು, ಮಾತು ಕಡಿಮೆ. ರಜೆ ಮುಗಿದು ಕೋರ್ಟು ತೆರೆದ ದಿನವೇ ನನ್ನನ್ನು ಕರೆಸಿದರು. ನಾನು ಬರೆದ ಪ್ರಮಾಣಪತ್ರ ಓದಿ, ಐದು ದಿನದ ತಪ್ಪಷ್ಟೇ ಸಾಕು, ಆಮೇಲಿನದಕ್ಕೆ ಕಾಯಿಲೆಯಿತ್ತು ಎಂದು ಹಾಕೋಣ, ಡಾಕ್ಟರ ಚೀಟಿ ತರಿಸುವುದು ಕಷ್ಟವಲ್ಲ ಎಂದರು. ನನ್ನ ಮೇಲಿನ ಕರುಣೆಯಿಂದಲೇ ಹೇಳಿದ್ದು. ಬೇಡ ಎಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಾಗಾದ್ರೆ ಒಂದಕ್ಷರವೂ ಬದಲಾಯಿಸೋದಿಲ್ಲ ಕಣಮ್ಮ" ಎಂದರು.

ಮೊನ್ನೆ ಮಹದೇವು ಮನೆ ಖಾಲಿ ಮಾಡಿಸಲು ಕೋರ್ಟಿನಿಂದ ನೋಟೀಸು ತಂದಿದ್ದಾನೆ. ಜುಲೈ ಇಪ್ಪತ್ತಕ್ಕೆ ತಡ ಮನ್ನಿಸಿ ಎಂಬ ನಮ್ಮ ಅರ್ಜಿಯ ವಿಚಾರಣೆ. ಅಷ್ಟರೊಳಗೆ ಕೋರ್ಟಿನ ಅಮೀನ ಬಂದು ಮನೆ ಬಿಡಿಸಿದರೆ ಏನು ಎನ್ನುವುದೇ ಯೋಚನೆ.

ನೀವು ನಿಮ್ಮ ಬಗ್ಗೆ ಬರೆದದ್ದನ್ನು ಯಾರಿಗೂ ಹೇಳಿಲ್ಲ. ಲಿಂಗಯ್ಯನವರು ಈಗ ಎಲ್ಲಿದ್ದಾರೆ ಎಂದು ಗೊತ್ತೇ?

ಸರ್ವಮಂಗಳಾ


ಬೊಂಬಾಯಿ
21 ಜೂನ್ 1961

ಸರ್ವಮಂಗಳಾ ಅವರಿಗೆ,

ಸಮಿತಿ ನಮ್ಮ ವಿಂಗಡಣೆಯನ್ನು ಒಪ್ಪಿತು. 'ಕೆಲಸದ ಬಗೆ' ಎಂಬ ತಲೆಬರಹ ತೆಗೆದು 'ತಪ್ಪು ಬಯಲಾಗುವ ಬಗೆ' ಎಂದು ಹಾಕಿದ್ದಾರೆ. ಅಪೀಲಿನ ಹಾಳೆಯನ್ನು ನಾನೇ ಬರೆದೆ: ಬೇಗ ಬಯಲಾಗುತ್ತದೆ, ಬೇಗ ಹೇಳಿದರೆ ಬಹುಪಾಲು ಸರಿಹೋಗುತ್ತದೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ: ಗೊತ್ತಿಲ್ಲ. ವಿಚಾರಿಸಿದವನಲ್ಲ.

ಲಕ್ಷ್ಮೀನರಸಿಂಹ


ಮೈಸೂರು
22 ಜುಲೈ 1961

ಲಕ್ಷ್ಮೀನರಸಿಂಹ ಅವರೇ,

ತಡ ಮನ್ನಾ ಆಯಿತು. ಅಪೀಲಿಗೆ ನಂಬರ್ ಸಿಕ್ಕಿತು. ಅದು ತೀರ್ಮಾನವಾಗುವವರೆಗೆ ಬೀರಮ್ಮನವರನ್ನು ಮನೆಯಿಂದ ಎಬ್ಬಿಸುವಂತಿಲ್ಲ ಎಂದು ತಡೆಯಾಜ್ಞೆಯೂ ಬಂತು. ಈ ಮೂರು ಮಾತನ್ನು ತಂತಿಯಲ್ಲಿ ಕಳಿಸಬೇಕೆಂದಿದ್ದೆ. ಪೂರ್ತಿ ಹೇಳದೆ ಸಮಾಧಾನವಿಲ್ಲ ಎಂದು ಪತ್ರವೇ ಬರೆಯುತ್ತಿದ್ದೇನೆ.

ಕೋರ್ಟಿನ ಹಾಲ್ ತುಂಬಿತ್ತು, ಸುದ್ದಿ ಹರಡಿತ್ತು. ನನ್ನನ್ನು ಕಟಕಟೆಗೆ ಕರೆದರು. ಹನ್ನೊಂದು ವರ್ಷ ಅದರ ಎದುರು ನಿಂತು ಪ್ರಶ್ನೆ ಕೇಳಿದವಳು, ಮೊದಲ ಸಲ ಒಳಗೆ ನಿಂತೆ. ಮಹದೇವುವಿನ ವಕೀಲರು ಸದಾಶಿವಯ್ಯನವರು, ಪಾಟೀಸವಾಲಿನಲ್ಲಿ ನುರಿತವರು. ಮೌನದ ನಾಲ್ಕು ತಿಂಗಳ ಮೇಲೆಯೇ ಬಂದರು. ತಪ್ಪು ತಿಳಿದಿದ್ದೂ ಕಕ್ಷಿದಾರಳಿಗೆ ಸುಳ್ಳು ಹೇಳಿದಿರಾ ಎಂದರು. ಹೌದು ಎಂದೆ. ಎಷ್ಟು ಸಲ ಎಂದರು. ಏಳು ಸಲ ಎಂದೆ. ಯಾಕೆ ಎಂದರು.

"ನನ್ನ ಮರ್ಯಾದೆ ಆಕೆ ಮನೆಗಿಂತ ದೊಡ್ಡದು ಅಂತ ಅಂದ್ಕೊಂಡಿದ್ದೆ, ಸ್ವಾಮಿ."

ಅವರು ಇನ್ನೂ ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದರು. ಕಾಗದ ನೋಡಿ, ಮಡಿಸಿ, ಕೂತುಬಿಟ್ಟರು.

ಜಡ್ಜರು ನನ್ನನ್ನು ಬಿಡಲಿಲ್ಲ. ಆಜ್ಞೆಯಲ್ಲಿ ನನ್ನ ನಡತೆಯನ್ನು ಖಂಡಿಸಿ ಬರೆಸಿದರು. ಅದು ಸರಿಯೇ. ಆದರೆ ಕಕ್ಷಿದಾರಳು ಮತ್ತೆ ಮತ್ತೆ ಬಂದು ವಿಚಾರಿಸಿದ್ದಾಳೆ, ಆಕೆಯ ಕಡೆಯಿಂದ ಒಂದು ದಿನದ ಅಲಕ್ಷ್ಯವೂ ಇಲ್ಲ, ವಕೀಲೆ ಪ್ರಮಾಣಪತ್ರದಲ್ಲಿ ಏನನ್ನೂ ಮುಚ್ಚಿಟ್ಟಿಲ್ಲವಾದ್ದರಿಂದ ಇದನ್ನು ನಂಬಬಹುದು ಎಂದರು. ಕಾಯಿಲೆಯ ಚೀಟಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಚಾಮಯ್ಯನವರು ಹೊರಗೆ ಬಂದು ತಮಗೆ ತಾವೇ ಹೇಳಿಕೊಂಡರು.

ಬೀರಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಮರದ ಕೆಳಗೆ ಒಬ್ಬಳೇ ನಿಂತಿದ್ದಾಗ ಹತ್ತಿರ ಬಂದರು. ಕೋಪ ಪೂರ್ತಿ ಹೋಗಿರಲಿಲ್ಲ, ಹೋಗಬೇಕಾಗಿಯೂ ಇಲ್ಲ.

"ಚಾಮಯ್ಯನೋರೇ ಮಾತಾಡ್ಲಿ ಕಣವ್ವ," ಎಂದರು. "ಆದ್ರೆ ವಾಯ್ದೆ ದಿನ ಎಣ್ಸೋದು ನೀವೇ. ಒಂದ್ಸಲ ಕೈ ಸುಟ್ಕಂಡೋರು ಬಾಣ್ಲೆನ ಉಷಾರಾಗ್ ಇಡೀತಾರೆ."

ಈಗ ಪ್ರತಿ ಶನಿವಾರ ಚಾಮಯ್ಯನವರ ಕಚೇರಿಗೆ ಹೋಗಿ ಅವರ ಕೇಸುಗಳ ವಾಯಿದೆಗಳನ್ನೂ ನೋಡಿ ಬರುತ್ತೇನೆ. ಅವರು ನನ್ನವನ್ನು ನೋಡುತ್ತಾರೆ. ಬಾರ್ ರೂಮಿನಲ್ಲಿ ಇಬ್ಬರು ಎಳೆಯ ವಕೀಲರು, ತಮ್ಮದೂ ಒಂದೊಂದು ಇಂಥದ್ದಿದೆ ಎಂದು ಮೆಲ್ಲಗೆ ಬಂದು ಹೇಳಿದ್ದಾರೆ. ಇಬ್ಬರದಕ್ಕೂ ಇನ್ನೂ ಕಾಲ ಮೀರಿಲ್ಲ.

ಸರ್ವಮಂಗಳಾ


ನಂಜನಗೂಡು
19 ಆಗಸ್ಟ್ 1961

ಸರ್ವಮಂಗಳಾ ಅವರಿಗೆ,

ನಾನು ನಂಜನಗೂಡಿನಿಂದ ಬರೆಯುತ್ತಿದ್ದೇನೆ. ನಿಮ್ಮ ಪಾಲಿಸಿ ಮಂಜೂರಾಗಿದೆ. ನಿಮ್ಮ ಒಪ್ಪಿಗೆ ಬಂದ ಮೇಲೆ, ನನ್ನ ಮೇಜಿನ ಮೇಲಿದ್ದ ಅರ್ಜಿಯಲ್ಲಿ ಹದಿನೇಳನೆಯದರ ಎದುರು 'ಹೌದು' ಎಂದು ಬರೆದು, ವಿವರ ಲಗತ್ತಿಸಿ ಮುಂದಿಟ್ಟೆ. ಬೀರಮ್ಮನವರ ವಿಷಯವೊಂದನ್ನು ಹೊರಗಿಟ್ಟು ಉಳಿದದ್ದಕ್ಕೆಲ್ಲ ಕಂಪನಿಯವರು ಹೊಣೆ ಹೊತ್ತಿದ್ದಾರೆ. ತಪ್ಪು ಒಪ್ಪಿಕೊಂಡವರಿಗೆ ವಿಮೆ ಕೊಡುವುದೇ ಎಂದು ಮ್ಯಾನೇಜರ್ ಅನುಮಾನಿಸಿದರು. ಕೊಡಬೇಕಾದದ್ದು ಇಂಥವರಿಗೇ ಎಂದು ವಾದಿಸಿದೆ. ಎಂಟು ವರ್ಷದ ಮೇಲೆ ಯಾರದೋ ಪರವಾಗಿ ವಾದ ಮಾಡಿದ್ದು ಅದೇ ಮೊದಲು.

ಮರುದಿನ ರಜೆ ಬರೆದು ರೈಲು ಹತ್ತಿದೆ.

ಲಿಂಗಯ್ಯನವರು ಇದ್ದಾರೆ. ಊರು ಬಿಟ್ಟಿಲ್ಲ. ಬಾವಿಯ ನೀರು ನಿಂತ ಮೇಲೆ ಕಬ್ಬು ಬಿಟ್ಟು ರಾಗಿ ಹಾಕಿಕೊಂಡು, ಜೊತೆಗೆ ಗಾಡಿ ಹೊಡೆದುಕೊಂಡು ನಡೆಸಿದ್ದಾರೆ. ನನ್ನ ಗುರುತು ಹಿಡಿದರು. ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಎತ್ತುಗಳಿಗೆ ಹುಲ್ಲು ಹಾಕುತ್ತಾ ನಾನು ಹೇಳಿದ್ದನ್ನೆಲ್ಲ ಕೇಳಿದರು. ದಾವಾ ಸೋತದ್ದು ತಮ್ಮ ಹಣೆಬರಹ ಎಂದುಕೊಂಡಿದ್ದರಂತೆ. ವಜಾ ಆದದ್ದು ನಾನು ಹೋಗದೇ ಇದ್ದದ್ದಕ್ಕೆ ಎಂದು ಅವರಿಗೆ ಇವತ್ತಿನವರೆಗೂ ಯಾರೂ ಹೇಳಿರಲಿಲ್ಲ.

"ಇದ್ನ ಯೋಳಕ್ಕೆ ಬೊಂಬಾಯಿಂದ ಬಂದ್ರಾ?" ಎಂದರು.

ಹೌದು ಎಂದೆ. ಹುಲ್ಲಿನ ಕಂತೆ ಕೆಳಗಿಟ್ಟು, ಜಗುಲಿ ತೋರಿಸಿ ಕೂರಲು ಹೇಳಿದರು. ಆಮೇಲೆ ತಾವಾಗಿಯೇ ಒಂದು ವಿಷಯ ಎತ್ತಿದರು. ಹೋದ ವರ್ಷ ದಾಯಾದಿ ಬಾವಿಯ ಸುತ್ತ ಹೊಸದಾಗಿ ಬೇಲಿ ಹಾಕಿ, ದನಗಳಿಗೆ ಕುಡಿಯುವ ನೀರನ್ನೂ ನಿಲ್ಲಿಸಿದ್ದಾನಂತೆ. ಹಳೆಯ ದಾವಾ ಸತ್ತಿದೆ. ಹೊಸ ಬೇಲಿಗೆ ಹೊಸ ದಾವಾ ಹೂಡಬಹುದೇನೋ. ಖಂಡಿತ ಎಂದು ನಾನು ಹೇಳಲಿಲ್ಲ. ಗೊತ್ತಿಲ್ಲ, ಗೊತ್ತಿರುವವರನ್ನು ಕೇಳೋಣ ಎಂದೆ. ಅವರಿಗೆ ಆ ಮಾತು ಹಿಡಿಸಿತು.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರೂ ನಿಮ್ಮನ್ನು ಕಾಣಲು ಮೈಸೂರಿಗೆ ಬರುತ್ತೇವೆ. ಕಾಗದಗಳನ್ನು ಅವರೇ ತರುತ್ತಾರೆ, ನನ್ನ ಕೈಗೆ ಕೊಟ್ಟಿಲ್ಲ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅವರಿಗೆ ಏನೇನು ಕೇಳಬೇಕೋ ಅದನ್ನೆಲ್ಲ ನಿಮ್ಮೆದುರೇ ನನ್ನನ್ನು ಕೇಳಲಿ.

ಲಕ್ಷ್ಮೀನರಸಿಂಹ